ಫೋನಿನ ಮಳೆ ಚಿತ್ರ ನೋಡಿ ಕಡಲ ರಜೆ ಬಿಡಬೇಡಿ

ಪ್ರಶ್ನೆ: ನಾವು ಐದು ಜನ. ನಾನು, ನನ್ನ ಗಂಡ, 9 ಮತ್ತು 13 ವರ್ಷದ ಮಕ್ಕಳು, 68 ವರ್ಷದ ನನ್ನ ಅಮ್ಮ. ಕಡಲ ದಂಡೆಯಲ್ಲಿ ಪುಟ್ಟ ಕಾಟೇಜ್ ಒಂದನ್ನು ಏಳು ದಿನಕ್ಕೆ ಬುಕ್ ಮಾಡಿದ್ದೇವೆ. ದಿನಾ ತೀರದುದ್ದಕ್ಕೂ ನಡೆಯಬೇಕು ಅನ್ನುವ ಆಸೆ. ಆದರೆ ಫೋನಿನಲ್ಲಿ ಏಳೂ ದಿನ ಮಳೆಮೋಡದ ಚಿತ್ರ ಬರುತ್ತಿದೆ. ನಿನ್ನೆ ನೋಡಿದ್ದು ಇವತ್ತು ಇರುವುದಿಲ್ಲ. ಕ್ಯಾನ್ಸಲ್ ಮಾಡುವುದು ಒಳ್ಳೆಯದಾ? ಹೋದರೆ ನಡಿಗೆಗಳನ್ನು ಹೇಗೆ ಹೊಂದಿಸಿಕೊಳ್ಳುವುದು, ಎಂಥ ಬಟ್ಟೆ ಒಯ್ಯುವುದು? ಅಮ್ಮನಿಗೆ ಮಂಡಿನೋವು. ಅವರನ್ನು ಕಾಟೇಜಿನಲ್ಲಿ ಕೂರಿಸಿ ನಾವು ತಿರುಗಾಡಲು ಮನಸ್ಸು ಬರುವುದಿಲ್ಲ.

ಉತ್ತರ: ಹೋಗಿ. ಹವಾಮಾನ ಇಲಾಖೆ ಚಂಡಮಾರುತದ ಅಥವಾ ಬಿರುಗಾಳಿಯ ಎಚ್ಚರಿಕೆ ಕೊಟ್ಟರೆ ಮಾತ್ರ ಬೇರೆ ಮಾತು. ಆಗ ಎರಡನೇ ಯೋಚನೆ ಬೇಡ, ದಿನಾಂಕ ಮುಂದೆ ಹಾಕಿ. ಉಳಿದಂತೆ ಆ ಪುಟ್ಟ ಚಿತ್ರಕ್ಕೆ ಅಷ್ಟು ಬೆಲೆ ಕೊಡಬೇಡಿ. 24 ಗಂಟೆಯ ಆಕಾಶವನ್ನು ಅದು ಒಂದೇ ಚಿತ್ರದಲ್ಲಿ ಹೇಳಬೇಕು. ನಡುರಾತ್ರಿ ಒಂದು ಸಣ್ಣ ಮಳೆ ಬರುವಂತಿದ್ದರೂ ಇಡೀ ದಿನಕ್ಕೆ ಮಳೆಮೋಡ ಅಂಟಿಕೊಳ್ಳಬಹುದು. ನೀವು ನಡೆಯುವುದು ಎರಡು ಮೂರು ಗಂಟೆ. ಆ ಎರಡು ಮೂರು ಗಂಟೆ ಹೇಗಿರುತ್ತದೆ ಎಂದು ಒಂದು ವಾರ ಮುಂಚೆ ಯಾರೂ ಹೇಳಲಾರರು. ಅವತ್ತು ಬೆಳಿಗ್ಗೆ ಸುಮಾರಾಗಿ ಹೇಳಬಹುದು.

ತೀರದ ನಡಿಗೆಗೆ ಜನರನ್ನು ಕರೆದುಕೊಂಡು ಹೋಗುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಬಂದವರು ಮೊದಲು ಕೇಳುವುದೇ ಮಳೆಯ ಬಗ್ಗೆ. ನಾನು ಮೊದಲು ನೋಡುವುದು ನೀರಿನ ಹೊತ್ತನ್ನು. ಕಡಲಿನ ಉಬ್ಬರ ಇಳಿತದ ಹೊತ್ತು ವರ್ಷಗಟ್ಟಲೆ ಮುಂಚೆಯೇ ಗೊತ್ತಿರುತ್ತದೆ, ಅದಕ್ಕೆ ಅಚ್ಚಾದ ಪಟ್ಟಿಯೇ ಸಿಗುತ್ತದೆ. ಆಕಾಶದ ಸುದ್ದಿ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ ಗೊತ್ತಿರುತ್ತದೆ. ಹಾಗಾಗಿ ಗೊತ್ತಿರುವುದರ ಮೇಲೆ ವಾರವನ್ನು ಕಟ್ಟಿ. ಗೊತ್ತಿಲ್ಲದ್ದನ್ನು ಆಯಾ ಬೆಳಗಿಗೆ ಬಿಡಿ. ನಿಮ್ಮ ಮೊದಲ ಎರಡು ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಇದನ್ನು ಹೇಗೆ ಮಾಡುವುದು ಅಂತ ಬಿಡಿಸಿ ಹೇಳುತ್ತೇನೆ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ನೀರೂ ಅವನ ಜೊತೆಗೆ ಅಷ್ಟೇ ತಡವಾಗುತ್ತಾ ಹೋಗುತ್ತದೆ. ನೀವು ಹೋದ ದಿನ ಬೆಳಿಗ್ಗೆ 8 ಗಂಟೆಗೆ ಪೂರಾ ಇಳಿತ ಅಂತಿಟ್ಟುಕೊಳ್ಳಿ. ಮಾರನೇ ದಿನ ಅದು 8.50ರ ಸುಮಾರಿಗೆ ಬರುತ್ತದೆ, ಅದರಾಚೆ ದಿನ 9.40ಕ್ಕೆ. ವಾರದ ಕೊನೆಗೆ ಅದು ಮಧ್ಯಾಹ್ನಕ್ಕೆ ಸರಿದಿರುತ್ತದೆ. ಅಂದರೆ ಮೊದಲ ದಿನಗಳಲ್ಲಿ ಮರಳ ಮೇಲಿನ ನಡಿಗೆ ಬೆಳಿಗ್ಗೆ, ಕೊನೆಯ ದಿನಗಳಲ್ಲಿ ಊಟದ ಹೊತ್ತಿಗೆ. ನೀರು ಮೇಲೆ ಬಂದಿರುವ ಹೊತ್ತನ್ನು ಎತ್ತರದ ದಂಡೆಯ ಮೇಲಿನ ಕಾಲುದಾರಿಗೆ ಇಟ್ಟುಕೊಳ್ಳಿ. ನೋಡಿ, ಮಳೆಯ ವಿಷಯ ಎತ್ತದೆಯೇ ನಿಮ್ಮ ವಾರಕ್ಕೆ ಒಂದು ರೂಪ ಬಂತು.

ಚಂದ್ರನನ್ನು ಇನ್ನೊಂದು ಕಾರಣಕ್ಕೂ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು ತುಂಬಾ ಮೇಲೆ ಬರುತ್ತದೆ, ತುಂಬಾ ಕೆಳಗೂ ಹೋಗುತ್ತದೆ. ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಹೀಗಾಗುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ನಿಮ್ಮ ವಾರ ಹುಣ್ಣಿಮೆಗೆ ಬಿದ್ದರೆ ಇಳಿತದಲ್ಲಿ ಬೇರೆ ದಿನ ಕಾಣದ ಬಂಡೆಗಳು, ಅವುಗಳ ನಡುವಿನ ನೀರಿನ ಗುಂಡಿಗಳು, ಅದರೊಳಗಿನ ಏಡಿ, ನಕ್ಷತ್ರಮೀನು ಎಲ್ಲ ಕಾಣಸಿಗುತ್ತವೆ. ಮಕ್ಕಳಿಗೆ ಅದಕ್ಕಿಂತ ಬೇರೆ ಬೇಡ. ಆದರೆ ಅದೇ ದಿನ ನೀರು ವಾಪಸು ಬರುವಾಗ ವೇಗವೂ ಜಾಸ್ತಿ.

ಏರಿಳಿತ ಎಷ್ಟು ಅನ್ನುವುದು ಜಾಗದಿಂದ ಜಾಗಕ್ಕೆ ತುಂಬಾ ಬದಲಾಗುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು ಸುಮಾರು 16 ಮೀಟರ್ ತನಕ ಏರುತ್ತದೆ. ಮೆಡಿಟರೇನಿಯನ್ ತೀರದ ಹೆಚ್ಚಿನ ಕಡೆ ಅರ್ಧ ಮೀಟರ್ ಕೂಡ ಇಲ್ಲ. ಹಾಗಾಗಿ ನಿಮ್ಮ ಕಾಟೇಜಿಗೆ ಅತಿ ಹತ್ತಿರದ ಬಂದರಿನ ಪಟ್ಟಿಯನ್ನೇ ನೋಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶವಾದರೆ ಪಟ್ಟಿ ಯಾವ ಹೊತ್ತಿನ ಲೆಕ್ಕದಲ್ಲಿದೆ ಎಂದು ಮೇಲ್ಗಡೆ ಬರೆದಿರುತ್ತದೆ, ಅದನ್ನು ಓದಿ. ಈ ಒಂದು ಗಂಟೆಯ ತಪ್ಪಿಗೆ ಸಿಕ್ಕಿಬಿದ್ದವರನ್ನು ನಾನು ನೋಡಿದ್ದೇನೆ.

ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಸುಮಾರು ಆರು ಗಂಟೆಯಲ್ಲಿ ನೀರು ಒಂದೇ ಸಮನೆ ಏರುವುದಿಲ್ಲ. ನಾವಿಕರ ಹಳೆಯ ಲೆಕ್ಕ ಒಂದಿದೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿ. ಮೊದಲ ಗಂಟೆಯಲ್ಲಿ ಏರುವುದು ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ಏರಿಕೆ ಮುಗಿದಿರುತ್ತದೆ. ಮೊದಲ ಗಂಟೆ ನೋಡಿದವರಿಗೆ ‘ಅಯ್ಯೋ, ನೀರು ಎಲ್ಲಿ ಬರ್ತಿದೆ, ಇನ್ನೂ ಹೊತ್ತಿದೆ’ ಅನ್ನಿಸುತ್ತದೆ. ಅಪಾಯ ಶುರುವಾಗುವುದೇ ಅಲ್ಲಿ.

ಒಮ್ಮೆ ಆರು ಜನರನ್ನು ಕರೆದುಕೊಂಡು ಒಂದು ಬಂಡೆಮೂಲೆ ದಾಟಿ ಹೋಗಿದ್ದೆ. ಆಚೆ ಬದಿಯ ಮರಳು ಚೆನ್ನಾಗಿತ್ತು, ಎಲ್ಲರೂ ಕೂತರು, ನಾನೂ ಕೂತೆ. ವಾಪಸು ಮೂಲೆಗೆ ಬಂದಾಗ ನೀರು ಪಾದ ಮುಳುಗುವಷ್ಟಿತ್ತು. ಕೊನೆಯವರು ದಾಟುವ ಹೊತ್ತಿಗೆ ಮಂಡಿಗೆ ಬಂದಿತ್ತು. ನಡುವೆ ಕಳೆದದ್ದು ಹತ್ತೇ ನಿಮಿಷ. ಕೈ ಕೈ ಹಿಡಿದು ದಾಟಿದೆವು, ಯಾರಿಗೂ ಏನೂ ಆಗಲಿಲ್ಲ. ಆವತ್ತಿನಿಂದ ನನಗೆ ಒಂದೇ ನಿಯಮ. ಪೂರಾ ಇಳಿತಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಹೊರಡುತ್ತೇನೆ, ಇಳಿತದ ಹೊತ್ತಿಗೆ ಎಲ್ಲಿದ್ದೇನೋ ಅಲ್ಲಿಂದ ತಿರುಗುತ್ತೇನೆ. ಇನ್ನೂ ನೂರು ಹೆಜ್ಜೆಗೆ ಏನೋ ಚಂದದ್ದು ಕಾಣುತ್ತಿದ್ದರೂ ತಿರುಗುತ್ತೇನೆ. ನೀವೂ ಫೋನಿನಲ್ಲಿ ಆ ಹೊತ್ತಿಗೆ ಅಲಾರಾಂ ಇಟ್ಟುಬಿಡಿ. ಚಪ್ಪಟೆ ಮರಳಿನಲ್ಲಿ ಇನ್ನೊಂದು ಮೋಸ ಇದೆ. ನೀರು ಎದುರಿನಿಂದಲೇ ಬರಬೇಕೆಂದಿಲ್ಲ. ತಗ್ಗಿನ ಕಾಲುವೆಗಳಲ್ಲಿ ಹರಿದು ನಿಮ್ಮ ಹಿಂದೆ ಮೊದಲು ತುಂಬಿಕೊಳ್ಳುತ್ತದೆ.

ಪಟ್ಟಿಯಲ್ಲಿರುವುದು ಶಾಂತ ದಿನದ ಲೆಕ್ಕ ಅನ್ನುವುದೂ ನೆನಪಿರಲಿ. ಗಾಳಿಯ ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಒತ್ತಡವನ್ನು ಅಳೆಯುವ ಮಾನ) ಇಳಿದರೆ ಕಡಲಿನ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಸಾಮಾನ್ಯವಾಗಿ 1013 ಇರುವ ಒತ್ತಡ 980ಕ್ಕೆ ಇಳಿದಿದ್ದರೆ ಒಂದು ಅಡಿಯಷ್ಟು ನೀರು ಪಟ್ಟಿಗಿಂತ ಮೇಲಿರುತ್ತದೆ. ಅದರ ಜೊತೆಗೆ ಗಾಳಿ ಕಡಲಿನಿಂದ ನೆಲದ ಕಡೆ ಜೋರಾಗಿ ಬೀಸುತ್ತಿದ್ದರೆ ಇನ್ನಷ್ಟು ನೀರನ್ನು ದಡಕ್ಕೆ ತಳ್ಳುತ್ತದೆ. ಕೆಟ್ಟ ಹವೆಯ ದಿನ ಮರಳಿನ ಮೇಲೆ ನಿಮಗಿರುವ ಹೊತ್ತು ಕಡಿಮೆ.

ನೀರಿನ ಮಾತು ಉದ್ದವಾಯಿತು, ಬೇಕೆಂದೇ ಉದ್ದ ಮಾಡಿದೆ. ಮಳೆಗೆ ನೆನೆದರೆ ಒಣಗಿಸಿಕೊಳ್ಳಬಹುದು, ಅಲ್ವಾ?

ಈಗ ಆಕಾಶ. ದಿನಾ ಬೆಳಿಗ್ಗೆ ಗಂಟೆಗಂಟೆಯ ಮುನ್ಸೂಚನೆ ತೆರೆಯಿರಿ. ಮಳೆಯ ಸಾಲಿಗಿಂತ ಮೊದಲು ಗಾಳಿಯ ಸಾಲು ನೋಡಿ. ಎಷ್ಟು ವೇಗ, ಯಾವ ದಿಕ್ಕು, ಬೀಸುಹೊಡೆತ (ನಡುನಡುವೆ ಒಮ್ಮೆಲೇ ಜೋರಾಗಿ ಬೀಸುವ ಗಾಳಿ) ಎಷ್ಟು ಅಂತ ಅದರಲ್ಲಿ ಇರುತ್ತದೆ. ತೀರದಲ್ಲಿ ದಿನವನ್ನು ಕೆಡಿಸುವುದು ಹೆಚ್ಚಾಗಿ ಗಾಳಿ. ಗಾಳಿಯಿಲ್ಲದ ಸೋನೆಮಳೆಯಲ್ಲಿ ನಡೆಯುವುದು ಎಷ್ಟು ಹಿತ ಅಂದರೆ, ಒಮ್ಮೆ ನಡೆದವರು ಮತ್ತೆ ಕೇಳುತ್ತಾರೆ.

ಆಮೇಲೆ ಫೋನ್ ಕೆಳಗಿಟ್ಟು ಕಿಟಕಿಗೆ ಬನ್ನಿ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಗಾಳಿಗೆ ಒಂದು ಅಳತೆ ಮಾಡಿಟ್ಟರು. ಹಡಗಿನವರಿಗೆ ಅಂತ ಹುಟ್ಟಿದ ಆ ಅಳತೆ ಆಮೇಲೆ ಬೆಳೆಯಿತು, ಈಗ ಅಲೆಗಳನ್ನು ನೋಡಿಯೇ ಗಾಳಿಯ ವೇಗ ಹೇಳಬಹುದು. ದೂರದ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಗಂಟೆಗೆ 12ರಿಂದ 19 ಕಿಲೋಮೀಟರ್. ನೊರೆ ಆಗಾಗ ಕಾಣುತ್ತಿದ್ದರೆ 20ರಿಂದ 28. ಎಲ್ಲಿ ನೋಡಿದರೂ ಬಿಳಿ ಅಂದರೆ 30 ದಾಟಿದೆ. ನೊರೆ ಗಾಳಿಗೆ ಪಟ್ಟೆಪಟ್ಟೆಯಾಗಿ ಎಳೆದುಕೊಂಡು ಹೋಗುತ್ತಿದ್ದರೆ 50ರ ಮೇಲೆ. ಆಗ ಎದುರುಗಾಳಿಯಲ್ಲಿ ದೊಡ್ಡವರಿಗೇ ನಡೆಯುವುದು ಕಷ್ಟ. ನಿಮ್ಮ ಜೊತೆ ಮಗು ಮತ್ತು ಅಮ್ಮ ಇರುವುದರಿಂದ ಬೀಸುಹೊಡೆತ 40 ದಾಟಿದ ದಿನ ಎತ್ತರದ ದಂಡೆಯ ದಾರಿ ಬೇಡವೇ ಬೇಡ. ಒಂದು ಎಚ್ಚರಿಕೆ: ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತಿದ್ದರೆ ದಡದ ಹತ್ತಿರದ ನೀರು ಸಪಾಟಾಗಿ, ಶಾಂತವಾಗಿ ಕಾಣುತ್ತದೆ. ಆ ಶಾಂತಿಯನ್ನು ನಂಬಿ ಮಕ್ಕಳನ್ನು ಗಾಳಿ ತುಂಬಿದ ಟ್ಯೂಬಿನ ಮೇಲೆ ನೀರಿಗೆ ಬಿಡಬೇಡಿ. ಗಾಳಿ ಅವರನ್ನು ಒಳಗೆ ಒಯ್ದುಬಿಡುತ್ತದೆ.

ಕಾಟೇಜಿನ ಗೋಡೆಯಲ್ಲಿ ಗಾಳಿಯ ಒತ್ತಡ ಅಳೆಯುವ ಹಳೆಯ ಬ್ಯಾರೋಮೀಟರ್ ನೇತುಹಾಕಿದ್ದರೆ ಅದನ್ನು ಅಲಂಕಾರ ಅಂದುಕೊಳ್ಳಬೇಡಿ. ಅದರ ಹಿಂದೆ ದೊಡ್ಡ ಕಥೆ ಇದೆ. 1859ರ ಅಕ್ಟೋಬರಿನಲ್ಲಿ ವೇಲ್ಸ್‌ನ ತೀರದಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. 400ಕ್ಕೂ ಜಾಸ್ತಿ ಜನ ತೀರಿಕೊಂಡರು. ದಡದ ಪಕ್ಕದಲ್ಲೇ ಆದ ಸಾವು ಅದು. ರಾಬರ್ಟ್ ಫಿಟ್ಸ್‌ರಾಯ್ ಎಂಬ ನೌಕಾಧಿಕಾರಿಗೆ ಇದನ್ನು ತಡೆಯಬಹುದಿತ್ತು ಅನ್ನಿಸಿತು. ಡಾರ್ವಿನ್‌ರನ್ನು ಬೀಗಲ್ ಹಡಗಿನಲ್ಲಿ ಕರೆದೊಯ್ದ ಕ್ಯಾಪ್ಟನ್ ಇವರೇ. ಮೀನುಗಾರರ ಬಂದರುಗಳಲ್ಲಿ ಬ್ಯಾರೋಮೀಟರ್ ಇಡಿಸಿದರು. ತಂತಿ ಮೂಲಕ ಬಿರುಗಾಳಿ ಎಚ್ಚರಿಕೆ ಕಳಿಸುವ ಏರ್ಪಾಡು ಮಾಡಿದರು. 1861ರಲ್ಲಿ ಪತ್ರಿಕೆಯಲ್ಲಿ ದಿನದ ಹವಾಮಾನ ಮುನ್ಸೂಚನೆ ಬರಲು ಶುರುವಾದದ್ದೂ ಅವರಿಂದಲೇ. ನಿಮ್ಮ ಫೋನಿನ ಮಳೆಮೋಡದ ಬೇರು ಅಲ್ಲಿದೆ. ಅದಕ್ಕೇ ಮುನ್ಸೂಚನೆಯನ್ನು ‘ಸುಮ್ನೆ ಏನೋ ಹೇಳ್ತಾರೆ’ ಅಂತ ತಳ್ಳಿಹಾಕುವವರ ಜೊತೆ ನಾನು ಸೇರುವುದಿಲ್ಲ. ಅದನ್ನು ಓದುವ ರೀತಿ ಕಲಿಯಬೇಕು ಅಷ್ಟೇ.

ಬ್ಯಾರೋಮೀಟರಿನಲ್ಲಿ ಮುಳ್ಳು ಎಲ್ಲಿದೆ ಅನ್ನುವುದಕ್ಕಿಂತ ಯಾವ ಕಡೆ ಸರಿಯುತ್ತಿದೆ ಅನ್ನುವುದು ಮುಖ್ಯ. ಎದ್ದ ಕೂಡಲೇ ಒಮ್ಮೆ ನೋಡಿ, ಹೊರಡುವಾಗ ಇನ್ನೊಮ್ಮೆ ನೋಡಿ. ಮೂರು ಗಂಟೆಯಲ್ಲಿ 4 ಹೆಕ್ಟೊಪ್ಯಾಸ್ಕಲ್‌ಗಿಂತ ಜಾಸ್ತಿ ಇಳಿದಿದ್ದರೆ ಗಾಳಿ ಏಳುವುದಿದೆ, ಅವತ್ತು ಕಾಟೇಜಿನ ಆಸುಪಾಸಿನಲ್ಲೇ ಇರಿ. ಮೋಡವೂ ಹೇಳುತ್ತದೆ. ಎತ್ತರದಲ್ಲಿ ಹತ್ತಿಯ ಎಳೆಯಂಥ ಮೋಡ ಬಂದು, ನಿಧಾನಕ್ಕೆ ಪರದೆಯಂತೆ ದಪ್ಪವಾಗಿ, ಸೂರ್ಯನ ಸುತ್ತ ಉಂಗುರ ಕಂಡರೆ ಮಳೆ ಹೆಚ್ಚಾಗಿ ಅದೇ ದಿನ ಅಥವಾ ಮಾರನೇ ದಿನ ಬರುತ್ತದೆ. ಅಂಥ ಮಳೆ ಬೇಗ ಬಿಡುವುದಿಲ್ಲ. ಬಿಡಿಬಿಡಿಯಾದ ಗುಡ್ಡೆಮೋಡಗಳ ಮಳೆ ಹಾಗಲ್ಲ. ಬರುತ್ತದೆ, ಹೋಗುತ್ತದೆ, ಮಧ್ಯೆ ಹೊಳವು ಕೊಡುತ್ತದೆ. ನೀವು ಹಿಡಿಯಬೇಕಾದ್ದು ಆ ಹೊಳವನ್ನು. ಶೂ ಬಾಗಿಲ ಬಳಿ, ಚೀಲ ಮೊಳೆಗೆ, ನೀರಿನ ಬಾಟಲಿ ತುಂಬಿ. ಮಳೆ ನಿಂತ ಹತ್ತು ನಿಮಿಷಕ್ಕೆ ಹೊರಗಿರಬೇಕು. ಐದು ಜನ ತಯಾರಾಗಲು ಒಂದು ಗಂಟೆ ತಗೊಂಡರೆ ಹೊಳವು ಮುಗಿದಿರುತ್ತದೆ.

ಇಂಥ ಹವೆಯಲ್ಲಿ ಸುತ್ತು ಹೊಡೆದು ಬರುವ ದಾರಿಗಿಂತ, ಹೋದ ದಾರಿಯಲ್ಲೇ ವಾಪಸು ಬರುವ ನಡಿಗೆ ಒಳ್ಳೆಯದು. ಎಲ್ಲಿ ಬೇಕಾದರೂ ತಿರುಗಬಹುದು, ದಾರಿಯೂ ಗೊತ್ತಿರುತ್ತದೆ. ಹೋಗುವಾಗ ಗಾಳಿಗೆ ಮುಖ ಕೊಟ್ಟು ಹೋಗಿ. ದಣಿದು ವಾಪಸು ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಕಡಲಿಗೆ ಚಾಚಿದ ಭೂಶಿರ ಹತ್ತಿರದಲ್ಲಿದ್ದರೆ ಇನ್ನೂ ಅನುಕೂಲ. ಒಂದು ಬದಿ ಗಾಳಿಗೆ ನಡುಗುತ್ತಿರುವಾಗ ಇನ್ನೊಂದು ಬದಿಯಲ್ಲಿ ಬಿಸಿಲು ಕಾಯಿಸಿಕೊಂಡು ಕೂರಬಹುದು. ಬಿಸಿಲಿನ ದಿನಗಳಲ್ಲಿ ನೆಲ ಬೇಗ ಕಾದು ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹಾಗಾಗಿ ಬೆಳಗಿನ ಹೊತ್ತು ಶಾಂತ, ಮಧ್ಯಾಹ್ನ ಗಾಳಿ ಜೋರು. ಆ ತಂಪಿಗೆ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ತೆಳು ಮೋಡದ ದಿನವೂ ಟೋಪಿ, ಸನ್‌ಸ್ಕ್ರೀನ್ ಬೇಕು.

ಗುಡುಗು ಕೇಳಿದರೆ ಲೆಕ್ಕ ಬೇಡ, ವಾಪಸು ಹೊರಡಿ. ಬಯಲು ಮರಳಿನಲ್ಲಿ, ಬೋಳು ದಂಡೆಯ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಒಂಟಿ ಮರದ ಕೆಳಗೆ, ತೆರೆದ ಚಪ್ಪರದ ಕೆಳಗೆ ನಿಲ್ಲಬೇಡಿ. ಕಟ್ಟಡ ಅಥವಾ ಬಾಗಿಲು ಮುಚ್ಚಿದ ಕಾರು ಸರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಗೆ ಬನ್ನಿ. ಕಡಲ ಮಂಜು ಇನ್ನೊಂದು. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಹಾದು ಬಂದಾಗ ಅದು ಹುಟ್ಟುತ್ತದೆ. ನೋಡನೋಡುತ್ತಿದ್ದಂತೆ ದಾರಿ ಮುಚ್ಚಿಹೋಗುತ್ತದೆ. ದಂಡೆಯ ಮೇಲಿದ್ದರೆ ಅಂಚಿನಿಂದ ಒಳಗೆ ಸರಿದು ಎಲ್ಲರೂ ಒಟ್ಟಿಗೆ ಕೂತುಬಿಡಿ, ತಿಳಿಯಾದ ಮೇಲೆ ನಡೆಯಿರಿ.

ಕಡಿದಾದ ದಂಡೆಯ ಅಂಚನ್ನು ಮೇಲಿನಿಂದ ನೋಡಿ ಗಟ್ಟಿ ಇದೆ ಅಂದುಕೊಳ್ಳಬಾರದು. ಅಲೆ ಕೆಳಗಿನಿಂದ ಕೊರೆದಿರುತ್ತದೆ. ನೀವು ನಿಂತ ಹುಲ್ಲಿನ ಕೆಳಗೆ ಮಣ್ಣೇ ಇಲ್ಲದಿರಬಹುದು. ಫೋಟೋಗೋಸ್ಕರ ಅಂಚಿಗೆ ಹೋಗುವುದನ್ನು ನಿಮ್ಮ 13 ವರ್ಷದ ಮಗುವಿಗೆ ಮೊದಲ ದಿನವೇ ಕೂತು ಬೇಡ ಎಂದು ಹೇಳಿ. ಆ ವಯಸ್ಸಿನವರು ಕಾರಣ ಹೇಳಿದರೆ ಕೇಳುತ್ತಾರೆ. ದಂಡೆಯ ಬುಡದಲ್ಲೂ ಅಷ್ಟೇ. ಮಳೆ ನೀರು ಕುಡಿದ ಮಣ್ಣು ಮಳೆ ನಿಂತು ದಿನಗಳ ಮೇಲೂ ಕುಸಿಯುತ್ತದೆ. ದಂಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ನಡೆಯಿರಿ. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ನಡೆಯುವುದೇ ಬೇಡ. ಬಂಡೆಗಳ ಮೇಲೆ ಇಳಿಯುವ ಮುಂಚೆ ಹತ್ತು ಹದಿನೈದು ನಿಮಿಷ ಅಲೆಗಳನ್ನು ನೋಡಿ. ದೂರದ ಬಿರುಗಾಳಿ ಕಳಿಸಿದ ದೊಡ್ಡ ಅಲೆಗಳು ಬಿಸಿಲಿನ ದಿನವೂ ಗುಂಪುಗುಂಪಾಗಿ ಬರುತ್ತವೆ. ಬೆನ್ನು ಕಡಲಿಗೆ ಕೊಡಬೇಡಿ.

ಎಷ್ಟು ದೂರ ಅಂತ ಕೇಳುತ್ತೀರಿ. ತೀರದ ದಾರಿ ಸಮತಟ್ಟು ಅನ್ನುವ ಕಲ್ಪನೆ ಬಿಡಿ. ಇಂಗ್ಲೆಂಡಿನ ನೈರುತ್ಯ ತೀರದ ಕಾಲುದಾರಿ 1,014 ಕಿಲೋಮೀಟರ್ ಉದ್ದ ಇದೆ. ಅದರ ಏರುಗಳನ್ನೆಲ್ಲ ಕೂಡಿಸಿದರೆ ಎವರೆಸ್ಟ್‌ನ ಸುಮಾರು ನಾಲ್ಕು ಪಟ್ಟು ಎತ್ತರವಾಗುತ್ತದೆ. ಪ್ರತಿ ಹಳ್ಳ ಕಡಲು ಸೇರುವಲ್ಲಿ ಇಳಿಯಬೇಕು, ಮತ್ತೆ ಹತ್ತಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. 6 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ ಸುಮಾರು ಒಂದೂಮುಕ್ಕಾಲು ಗಂಟೆ ಆಗುತ್ತದೆ. ಅದು ಗಟ್ಟಿಗರ ಲೆಕ್ಕ. ಚಿಪ್ಪು ಹೆಕ್ಕುವ ಮಗು ಜೊತೆಗಿದ್ದರೆ ಅದನ್ನು ಎರಡರಿಂದ ಗುಣಿಸಿ. ಒಣ ಮರಳು ಬಂದರೆ ಇನ್ನೂ ನಿಧಾನ, ಅದರಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿನಷ್ಟು ಶಕ್ತಿ ಬೇಕು. ನೀರು ಈಗಷ್ಟೇ ಬಿಟ್ಟುಹೋದ ಒದ್ದೆ ಮರಳಿನ ಪಟ್ಟಿಯಲ್ಲಿ ನಡೆಯಿರಿ, ಅದು ಗಟ್ಟಿಯಾಗಿರುತ್ತದೆ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ಜೀನ್ಸ್ ಮತ್ತು ದಪ್ಪ ಹತ್ತಿಬಟ್ಟೆ ನಡಿಗೆಗೆ ಬೇಡ, ನೆನೆದರೆ ಒಣಗುವುದಿಲ್ಲ, ಮೈಯ ಬಿಸಿ ಹೀರುತ್ತದೆ. ತೆಳುವಾದ, ಬೇಗ ಒಣಗುವ ಬಟ್ಟೆಯನ್ನು ಎರಡು ಮೂರು ಪದರವಾಗಿ ಹಾಕಿ. ಮೇಲೆ ಟೋಪಿ ಇರುವ, ಗಾಳಿ ತಡೆಯುವ ಮಳೆಜಾಕೆಟ್. ಕೊಡೆ ಮನೆಯಲ್ಲೇ ಬಿಡಿ. ಶೂ ತಳ ಸವೆದಿರಬಾರದು, ಯಾಕೆಂದರೆ ಪಾಚಿ ಹಿಡಿದ ಒದ್ದೆ ಬಂಡೆ ಸಾಬೂನಿನಂತೆ ಜಾರುತ್ತದೆ. ಪ್ರತಿಯೊಬ್ಬರಿಗೂ ಒಂದು ಜೊತೆ ಒಣ ಕಾಲ್ಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಒದ್ದೆ ಶೂಗೆ ಪೇಪರ್ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ. ಬೆಂಕಿಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಕಡಲ ನೀರಿಗೆ ನೆನೆದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಾಡಿಸಿಯೇ ಒಣಹಾಕಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಹಾಗೇ ಬಿಟ್ಟರೆ ಎರಡು ದಿನವಾದರೂ ಹಸಿ ಹಸಿ ಇರುತ್ತದೆ. ಕಾಟೇಜಿನವರಿಗೆ ಈಗಲೇ ಫೋನ್ ಮಾಡಿ, ಬಟ್ಟೆ ಒಣಗಿಸಲು ಮುಚ್ಚಿದ ಜಾಗ ಇದೆಯಾ ಕೇಳಿ. ನನ್ನ ಅನುಭವದಲ್ಲಿ ಮಳೆವಾರದ ರಜೆಯ ನೆಮ್ಮದಿ ಈ ಒಂದು ಜಾಗದ ಮೇಲೆ ನಿಂತಿರುತ್ತದೆ.

ಅಮ್ಮನ ಮಾತು ಕೊನೆಗೆ ಇಟ್ಟುಕೊಂಡೆ. ಮಂಡಿನೋವಿನವರಿಗೆ ಇಳಿಜಾರು ಮತ್ತು ಒಣ ಮರಳು ಕಷ್ಟ. ಒದ್ದೆ ಗಟ್ಟಿ ಮರಳು ಅಷ್ಟು ಕಷ್ಟವಲ್ಲ, ಅದು ಹೆಚ್ಚುಕಡಿಮೆ ಸಮತಟ್ಟು. ಅಂದರೆ ಇಳಿತದ ಹೊತ್ತು ಅವರದ್ದು. ದಿನಾ ಅವರ ನಡಿಗೆ ಮೊದಲು ಆಗಲಿ, ಎಲ್ಲರೂ ಜೊತೆಗೆ, ಅವರ ಹೆಜ್ಜೆಗೆ. ಅರ್ಧ ಗಂಟೆ ಸಾಕು. ಒಂದು ಊರುಗೋಲು, ಮಡಚುವ ಸಣ್ಣ ಸ್ಟೂಲು, ಫ್ಲಾಸ್ಕಿನಲ್ಲಿ ಬಿಸಿ ಏನಾದರೂ ಇರಲಿ. ಅವರು ಕೂತ ಜಾಗದಿಂದ ಮಕ್ಕಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಆಡಲಿ. ದಂಡೆಯ ಮೇಲಿನ ಉದ್ದ ನಡಿಗೆ ನೀವೂ ನಿಮ್ಮವರೂ ಸರದಿಯಲ್ಲಿ ಮಾಡಿ. ಆ ಹೊತ್ತಿನಲ್ಲಿ ಅವರಿಗೆ ಒಂದು ಕೆಲಸ ಒಪ್ಪಿಸಿ. ಕಿಟಕಿ ಪಕ್ಕ ಕೂತು ಬ್ಯಾರೋಮೀಟರ್ ಎಷ್ಟಿದೆ, ನೊರೆ ಎಷ್ಟಿದೆ, ಗಾಳಿ ಯಾವ ಕಡೆಯದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಬರೆದಿಡಲಿ. ನೀವು ಯಾವ ಕಡೆ ಹೋಗಿದ್ದೀರಿ, ಎಷ್ಟು ಹೊತ್ತಿಗೆ ವಾಪಸು ಬರುತ್ತೀರಿ ಅನ್ನುವುದೂ ಅದೇ ಪುಟದಲ್ಲಿರಲಿ. ಹೇಳಿದ ಹೊತ್ತಿಗೆ ಒಂದು ಗಂಟೆ ಮೀರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಅಲ್ಲಿನ ತೀರರಕ್ಷಕರ ನಂಬರಿನ ಸಮೇತ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಮೂರನೇ ದಿನದ ಹೊತ್ತಿಗೆ ಇವತ್ತು ಯಾವ ಕಡೆ ನಡೆಯಬೇಕು ಅಂತ ಹೇಳುವವರು ಅವರೇ ಆಗಿರುತ್ತಾರೆ.